ಐಸಿನಲ್ಲಿಟ್ಟ ಹಲ್ಲು

ನನ್ನ ತಮ್ಮನಿಗೆ ಈ ಲೋಕದಲ್ಲಿ ಪೂರ್ತಿ ನಂಬಿಕೆಯಿರುವುದು ಒಂದೇ ವಸ್ತುವಿನ ಮೇಲೆ, ಅದು ಐಸ್. ಕಾಲು ಉಳುಕಿದರೆ ಐಸ್, ತಲೆ ಸಿಡಿದರೆ ಐಸ್, ಮದುವೆಮನೆಗೆ ತಂದ ಮಲ್ಲಿಗೆ ಬಾಡಬಾರದೆಂದರೆ ಅದಕ್ಕೂ ಐಸ್. ಕಡಲ ದಡದ ಕೋಡಿಯಲ್ಲಿ ಹುಟ್ಟಿ ಅಪ್ಪನ ಹಿಂದೆ ಮೀನಿನ ವ್ಯಾಪಾರಕ್ಕೆ ಇಳಿದವ ಅವನು. ಅವನ ಪಿಕಪ್ ಗಾಡಿಯ ಹಿಂದೆ ಯಾವತ್ತೂ ಒಂದು ದೊಡ್ಡ ಪೆಟ್ಟಿಗೆ, ಅದರ ತುಂಬ ಪುಡಿ ಐಸ್. ದೂರದ ಊರಿಗೆ ಹೋಗುವ ಅಂಜಲ್ ಮೀನಾದರೆ ಐಸಿಗೆ ಕಲ್ಲುಪ್ಪು ಬೆರೆಸುತ್ತಾನೆ. ಆಗ ಮೀನು ಕೊರಡಿನ ಹಾಗೆ ಗಟ್ಟಿಯಾಗಿ ಕೂರುತ್ತದೆ, ಎಷ್ಟು ದೂರ ಹೋದರೂ ಏನೂ ಆಗುವುದಿಲ್ಲ. ನಾನೂ ಅದೇ ಮನೆಯಲ್ಲಿ ಬೆಳೆದವಳು. ಹಾಗಾಗಿ ಆ ದಿನ ಅವನು ಮಾಡಿದ್ದು ನನಗಾಗಲಿ, ಸುತ್ತ ನಿಂತಿದ್ದ ನಮ್ಮ ಜನರಿಗಾಗಲಿ ತಪ್ಪು ಅಂತ ಅನ್ನಿಸಲೇ ಇಲ್ಲ.

ಕಿರಿಮಂಜೇಶ್ವರದಲ್ಲಿ ನಮ್ಮ ದೊಡ್ಡಮ್ಮನ ಮಗನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ನನ್ನ ಗಂಡನಿಗೆ ಬ್ರಹ್ಮಾವರದಲ್ಲಿ ಪೈಪು, ನಲ್ಲಿ, ಮೊಳೆ ಮಾರುವ ಅಂಗಡಿ. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಅವರು ಅಲ್ಲೇ ಉಳಿದರು. ನಾನೂ ಮೂರನೆಯ ಕ್ಲಾಸಿನ ಮಗಳೂ ತಮ್ಮನ ಗಾಡಿಯಲ್ಲಿ ಹೋದೆವು. ಊಟದ ಎಲೆ ಹಾಕುವ ಹೊತ್ತಿಗೆ ಮಕ್ಕಳೆಲ್ಲ ಮನೆಯ ಸುತ್ತ ಓಡುತ್ತಿದ್ದರು. ಮೆಟ್ಟಿಲಿಗೆ ಹೊಸದಾಗಿ ಕೂರಿಸಿದ ಗ್ರಾನೈಟು, ಅದರ ಮೇಲೆ ಯಾರೋ ಕೈತೊಳೆದ ನೀರು. ಮಗಳು ಜಾರಿದ್ದು ನಾನು ನೋಡಲಿಲ್ಲ, ಶಬ್ದ ಮಾತ್ರ ಕೇಳಿತು. ಓಡಿ ಹೋಗಿ ಎತ್ತಿದರೆ ಬಾಯಿ ತುಂಬ ರಕ್ತ. ಮೇಲಿನ ಎರಡು ಹೊಸ ಹಲ್ಲುಗಳಲ್ಲಿ ಒಂದಿರಲಿಲ್ಲ. ಮುರಿದದ್ದಲ್ಲ, ಬೇರು ಸಮೇತ ಹಾರಿ ಹೋಗಿತ್ತು. ಹಾಲು ಹಲ್ಲು ಬಿದ್ದು, ಆ ಜಾಗಕ್ಕೆ ಅದು ಬಂದು ಇನ್ನೂ ವರ್ಷವಾಗಿರಲಿಲ್ಲ. ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ಎತ್ತಿ ಅದನ್ನು ನೋಡಿಕೊಳ್ಳುತ್ತಿದ್ದಳು ಪಾಪದ್ದು.

ಸೆರಗಿನ ತುದಿಯನ್ನು ಅವಳ ಬಾಯಿಗೆ ಒತ್ತಿ ಹಿಡಿದೆ. ಯಾರೋ ಅರಿಸಿನ ಅಂದರು, ಯಾರೋ ಕಾಫಿಪುಡಿ ಅಂದರು. ಒಬ್ಬ ಹೆಂಗಸಂತೂ, "ಹೋದ್ರ್ ಹೋಯ್ತ್ ಬಿಡಿ, ಮತ್ತ್ ಬತ್ತ್" ಎಂದು ಊಟಕ್ಕೆ ಕೂತೇಬಿಟ್ಟಳು. ಅವಳ ಎಲೆ ಎತ್ತಿ ಎಸೆಯುವಷ್ಟು ಸಿಟ್ಟು ಬಂತು ನನಗೆ. ಇದು ಮತ್ತೆ ಬರುವ ಹಲ್ಲಲ್ಲ. ಅಷ್ಟರಲ್ಲಿ ತಮ್ಮ ಚಪ್ಪರದ ಕೆಳಗಿನ ಜಲ್ಲಿಯಲ್ಲಿ ಮೊಣಕಾಲೂರಿ ಹುಡುಕಿ ಹಲ್ಲನ್ನು ಹಿಡಿದುಕೊಂಡು ಬಂದ.

"ಅಕ್ಕಾ, ಸಿಕ್ತ್. ಹೆದರ್ಬೇಡ. ಡಾಕ್ಟ್ರ್ ಹತ್ರ ಹೋಪಲ್ಲಿವರಿಗ್ ಹಾಳಾಪ್ಕಾಗ. ನಾನ್ ಇಡ್ತೆ."

ಇಟ್ಟದ್ದೆಲ್ಲಿ? ಗಾಡಿಯ ಹಿಂದೆ, ಅಂಜಲ್ ಮೀನಿನ ಪೆಟ್ಟಿಗೆಯಲ್ಲಿ, ಉಪ್ಪು ಬೆರೆಸಿದ ಐಸಿನ ನಡುವೆ. ಪೆಟ್ಟಿಗೆಯ ಮುಚ್ಚಳ ಒತ್ತಿ ಅದರ ಮೇಲೆ ಗೋಣಿ ಹೊದಿಸಿದ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. "ಮಾಣಿಗ್ ತಲಿ ಇತ್ತ್ ಕಾಣಿ" ಎಂದು ದೊಡ್ಡಮ್ಮ ಹೊಗಳಿದರು.

ಗಾಡಿ ಹೊರಟಿತು. ಮಗಳು ನನ್ನ ಮಡಿಲಲ್ಲಿ, ಅವಳ ಬಾಯಲ್ಲಿ ನನ್ನ ಸೆರಗಿನ ತುದಿ. ನಾವುಂದ, ಮರವಂತೆ, ತ್ರಾಸಿ ದಾಟುತ್ತಿದ್ದರೂ ನನ್ನ ಕಣ್ಣಿಗೆ ಸಮುದ್ರ ಕಾಣಲಿಲ್ಲ. ಮುಂದೆ ಹೋಗುತ್ತಿದ್ದ ಮರಳು ಲಾರಿ ಮಾತ್ರ ಕಾಣುತ್ತಿತ್ತು. ಅದು ದಾರಿ ಬಿಡಲೇ ಇಲ್ಲ. ತಮ್ಮ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಹೆಮ್ಮಾಡಿಯ ಹತ್ತಿರ ನಾನು ಗಂಡನಿಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, "ಹಲ್ಲ್ ಎಲ್ ಇತ್ತ್?" ಎಂದರು. "ಐಸಲ್ ಇತ್ತ್, ತಮ್ಮ ಇಟ್ಟಿದ" ಎಂದೆ ನಾನು, ಏನೋ ದೊಡ್ಡ ಜಾಣತನ ಮಾಡಿದವರ ಹಾಗೆ. ಅವರು ಕುಂದಾಪುರಕ್ಕೇ ಬರುತ್ತೇನೆಂದರು.

ಕುಂದಾಪುರದಲ್ಲಿ ಮಕ್ಕಳ ಹಲ್ಲು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಐವತ್ತು ದಾಟಿದವರು, ಊರಿನವರೇ. ಮಾತು ಕಮ್ಮಿ, ಆಡಿದರೆ ನೆಟ್ಟಗೆ. ಮಗಳನ್ನು ಕುರ್ಚಿಗೆ ಏರಿಸಿ ಬಾಯಿ ತೊಳೆಸುತ್ತಲೇ, "ಹಲ್ಲು ತಂದಿದ್ದೀರಲ್ಲ? ಹಾಲಿನಲ್ಲಿಟ್ಟಿದ್ದೀರಾ?" ಎಂದು ಕೇಳಿದರು.

ತಮ್ಮ ಇಡೀ ಪೆಟ್ಟಿಗೆಯನ್ನೇ ಹೊತ್ತುಕೊಂಡು ಒಳಗೆ ಬಂದ. ಕ್ಲಿನಿಕ್ಕಿನ ತುಂಬ ಮೀನಿನ ವಾಸನೆ. ಮುಚ್ಚಳ ತೆಗೆದು ಐಸ್ ಕೆದಕಿದ. ಹಲ್ಲು ಒಂದು ಐಸ್ ಗಡ್ಡೆಗೆ ಕಚ್ಚಿಕೊಂಡು ಕೂತಿತ್ತು, ಎಳೆದರೂ ಬರಲಿಲ್ಲ. ಡಾಕ್ಟರಮ್ಮನ ಮುಖ ನೋಡಿದ್ದೇ ತಡ, ಏನೋ ತಪ್ಪಾಗಿದೆ ಎಂದು ನನಗೆ ತಿಳಿಯಿತು.

"ಉಪ್ಪು ಹಾಕಿದ್ದೀರಾ?" ಎಂದರು.

"ಹೂಂ. ಗಟ್ಟಿ ಆಯ್ಲಿ ಅಂದೇಳಿ."

"ಮಾರಾಯ್ರೆ, ಇದು ಅಂಜಲ್ ಅಲ್ಲ. ಮೀನು ಸತ್ತದ್ದು, ಅದು ಹಾಳಾಗದಿದ್ದರೆ ಸಾಕು. ಹಲ್ಲು ಜೀವ ಇರುವಂಥದ್ದು. ಅದರ ಬೇರಿನ ಮೇಲೆ ತೆಳ್ಳಗೆ ಒಂದು ಪೊರೆ, ಒಳಗೆ ತಿರುಳು. ಅದು ಒಣಗಬಾರದು, ಹೆಪ್ಪುಗಟ್ಟಬಾರದು. ಒಂದು ಲೋಟ ತಣ್ಣನೆಯ ಹಾಲಲ್ಲಿ ಹಾಕಿ ತಂದಿದ್ದರೆ ಸಾಕಿತ್ತು."

ಒಕ್ಕಲಿನ ಮನೆಯಲ್ಲಿ ಹಾಲು ಉಕ್ಕಿಸಿದ ಪಾತ್ರೆ ಒಲೆಯ ಪಕ್ಕದಲ್ಲೇ ಇತ್ತು. ಅದರ ಮುಂದಿನಿಂದಲೇ ನಾವು ಓಡಿ ಬಂದದ್ದು. ನನ್ನ ತಮ್ಮ ಪೆಟ್ಟಿಗೆಯ ಮುಚ್ಚಳ ಕೈಯಲ್ಲಿ ಹಿಡಿದು ನಿಂತೇ ಇದ್ದ, ಅದನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಮತ್ತೆ ಬೈಯಲಿಲ್ಲ. ಸಲೈನು ಸುರಿದು ಐಸ್ ಕರಗಿಸಿ, ಹಲ್ಲಿನ ಬೇರು ಮುಟ್ಟದೆ ತಲೆಯನ್ನಷ್ಟೇ ಹಿಡಿದು, ಮಗಳ ವಸಡಿಗೆ ಮದ್ದು ಚುಚ್ಚಿ ಹಲ್ಲನ್ನು ಅದರ ಗುಳಿಯೊಳಗೆ ಮೆಲ್ಲಗೆ ಒತ್ತಿದರು. ಆಚೀಚೆಯ ಹಲ್ಲಿಗೆ ಸೇರಿಸಿ ಸಪೂರ ತಂತಿ ಅಂಟಿಸಿದರು. ಎಕ್ಸ್‌ರೇ ತೆಗೆದರು. ಆ ಹೊತ್ತಿಗೆ ನನ್ನ ಗಂಡ ಬಂದು ತಲುಪಿದ್ದರು.

ಡಾಕ್ಟರಮ್ಮ ಎಕ್ಸ್‌ರೇಯ ಮೇಲೆ ಬೆರಳಿಟ್ಟು ತೋರಿಸಿದರು. ಹೊಸ ಹಲ್ಲಾದ್ದರಿಂದ ಬೇರು ಇನ್ನೂ ಪೂರ್ತಿ ಬೆಳೆದಿಲ್ಲ. ಗೋಡೆ ತೆಳ್ಳಗೆ, ಬೇರಿನ ತುದಿಯ ಬಾಯಿ ಅಗಲ. ಅದೇ ನಮಗಿರುವ ಒಂದು ಆಸೆ ಎಂದರು. ಆ ಬಾಯಿಯಿಂದ ರಕ್ತನಾಳ ಮತ್ತೆ ಒಳಗೆ ಹೊಕ್ಕೀತು. ಹೊಕ್ಕರೆ ತಿರುಳು ಬದುಕುತ್ತದೆ, ಬೇರು ಬೆಳೆಯುತ್ತದೆ. ಹೊಗದಿದ್ದರೆ ತಿರುಳು ಸತ್ತು ಕೊಳೆಯುತ್ತದೆ. ಆ ತೆಳು ಗೋಡೆ ಯಾವತ್ತಾದರೂ ಒಂದು ದಿನ ಚಕ್ಕುಲಿ ಕಚ್ಚುವಾಗ ಮುರಿದು ಹೋಗುತ್ತದೆ. ದವಡೆ ಬೆಳೆಯುವ ವಯಸ್ಸಿನಲ್ಲಿ ಬೇರೆ ಹಲ್ಲು ನೆಡುವ ಹಾಗೂ ಇಲ್ಲ.

"ಯಾವಾಗ ಗೊತ್ತಾತ್ತ್?" ಎಂದು ನನ್ನವರು ಕೇಳಿದರು.

"ಕಾಯಬೇಕು. ಹಲ್ಲಿಗೆ ತಣ್ಣನೆಯದು ಮುಟ್ಟಿಸಿ ನೋಡ್ತೇನೆ. ಚುಳ್ಳೆಂದರೆ ಒಳಗೆ ಜೀವ ಬಂದಿದೆ ಅಂತ. ಐಸಿನಲ್ಲಿ ಎಷ್ಟು ಸತ್ತಿದೆ, ಎಷ್ಟು ಉಳಿದಿದೆ ಅಂತ ಈಗ ದೇವರಿಗೇ ಗೊತ್ತು."

ನನ್ನ ಗಂಡನದು ಕೂಗಾಡುವ ಸ್ವಭಾವವಲ್ಲ, ಅದು ನನ್ನದು. ಅವರು ಪೈಪು ಕತ್ತರಿಸುವ ಮೊದಲು ಅಳತೆ ಹಾಕುವ ಹಾಗೆ ಮಾತನ್ನೂ ಅಳೆದು ಆಡುವವರು, ಆಡಿದ ಮೇಲೆ ಅದನ್ನು ತಿರುಗಿ ಮುಟ್ಟುವುದಿಲ್ಲ. ಹೊರಗಿನ ಬೆಂಚಿನ ಮೇಲೆ ನನ್ನ ತಮ್ಮ ಕೂತಿದ್ದ. ಮಗಳು ನನ್ನ ಕೈ ಹಿಡಿದು ನಿಂತಿದ್ದಳು. ಅವಳ ಎದುರಿನಲ್ಲೇ ಅವರು ಹೇಳಿದರು:

"ಆ ಹಲ್ಲ್ ಸತ್ರೆ, ಇವ ನಮ್ಮನಿ ಮೆಟ್ಲ್ ಹತ್ತುದ್ ಬ್ಯಾಡ."

ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೋದ.

ಮನೆಗೆ ಬಂದು ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಬ್ರಹ್ಮಾವರದ ನಮ್ಮ ಅಕ್ಕಪಕ್ಕದವರಿಗೆಲ್ಲ ಕೇಳುವಷ್ಟು ಜಗಳವಾಯಿತು. "ಹ್ವಾಯ್, ಅವ ಬೇಕಂದೇಳಿ ಮಾಡ್ದ್ನಾ? ನೀವ್ ಅಲ್ಲಿದ್ದಿದ್ರೆ ಎಂತ ಮಾಡ್ತಿದ್ರಿ? ಜೇಬಂಗೆ ಹಾಕಂಡ್ ಬತ್ತಿದ್ರಿ!" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮೊದ್ಲಿಂದ್ಲೂ ನಿಮಗ್ ಅವ್ನ್ ಕಂಡ್ರೆ ಆತಿಲ್ಲೆ" ಎಂದೆ. ಅವರು ಪೇಪರಿನ ಪುಟ ತಿರುಗಿಸಿದರು. ಕಂಬದ ಜತೆ ಜಗಳ ಮಾಡಿದರೆ ಅದಾದರೂ ಅಲುಗೀತು.

ತಮ್ಮ ಬರುವುದು ನಿಂತಿತು. ಅವನು ಬಾರ್ಕೂರು ಕಡೆ ಮೀನು ಹಾಕಲು ಬರುವಾಗ ವಾರದಲ್ಲಿ ಎರಡು ಮೂರು ಸಲ ನಮ್ಮಲ್ಲಿ ನಿಂತು, ಚಾ ಕುಡಿದು, ಮಗಳನ್ನು ಗಾಡಿಯಲ್ಲಿ ಒಂದು ಸುತ್ತು ಹಾಕಿಸಿ ಹೋಗುವುದು ವಾಡಿಕೆ. ಈಗ ಗಾಡಿ ನಮ್ಮ ಗೇಟಿನ ಮುಂದೆಯೇ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಮಗಳು ಆ ಹಾರ್ನಿನ ಸದ್ದು ಗುರುತು ಹಿಡಿದು ಜಗಲಿಗೆ ಓಡುವಳು, ಅಷ್ಟರಲ್ಲಿ ಅದು ತಿರುವು ದಾಟಿರುತ್ತಿತ್ತು. ನನ್ನವರು ಬೈಕಿನಲ್ಲಿ ಮಾರುವವನಿಂದ ಬಂಗುಡೆ ತಂದರು. ಕಿವಿರು ಎತ್ತಿ ನೋಡಿದೆ, ಕಪ್ಪಗಾಗಿತ್ತು. "ಇದ್ ಸತ್ತ್ ಯಾವ್ ಕಾಲ ಆಯ್ತೋ. ಇದನ್ನ್ ಮನಿ ಒಳ್ಗ್ ತಪ್ಪುಕೆ ಅಡ್ಡಿಲ್ಲೆ, ಅಲ್ದಾ?" ಎಂದೆ. ಅವರು ಸಾರು ಹಾಕಿಸಿಕೊಳ್ಳದೆ ಮಜ್ಜಿಗೆಯಲ್ಲಿ ಉಂಡು ಎದ್ದರು.

ತಮ್ಮ ಮಾತ್ರ ನನ್ನವರು ಅಂಗಡಿಯಲ್ಲಿರುವ ಹೊತ್ತು ನೋಡಿ ಫೋನ್ ಮಾಡುತ್ತಿದ್ದ. "ಹಲ್ಲ್ ಹ್ಯಾಂಗಿತ್ತ್?" ಅಷ್ಟೇ ಅವನ ಮಾತು. "ಮನಿಗ್ ಬಾರಾ, ಅವ್ರ್ ಎಂತ ಮಾಡ್ತ್ರ್ ಕಾಂಬ" ಎಂದರೆ, "ಭಾವ ಕರೀದೆ ಬತ್ತಿಲ್ಲೆ" ಎನ್ನುವನು. ಎರಡು ಕಡೆಯೂ ಹಟ, ನಡುವೆ ನಾನು. ಆ ಒಂದು ಹಲ್ಲು ಬದುಕಲಿ ಎಂದು ನಾನು ಹರಕೆ ಹೊತ್ತದ್ದು ಮಗಳಿಗಾಗಿ ಎಷ್ಟೋ, ತಮ್ಮನಿಗಾಗಿಯೂ ಅಷ್ಟೇ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ತಂತಿ ತೆಗೆದರು. ಹಲ್ಲು ಗಟ್ಟಿಯಾಗಿ ನಿಂತಿತ್ತು. ಆಮೇಲೆ ತಣ್ಣನೆಯ ಪರೀಕ್ಷೆ. ಡಾಕ್ಟರಮ್ಮ ಹತ್ತಿಯ ಉಂಡೆಗೆ ಒಂದು ಸ್ಪ್ರೇ ಹೊಡೆದು, ಅದನ್ನು ಮೊದಲು ಸರಿಯಿರುವ ಹಲ್ಲಿಗೆ ಮುಟ್ಟಿಸಿದರು. ಮಗಳು ಚುಳ್ಳೆಂದು ಭುಜ ಕುಗ್ಗಿಸಿ ಕೈ ಎತ್ತಿದಳು. "ಹಾಂಗೇ ಮಗಾ. ಈಗ ಇದಕ್ಕ್ ಮುಟ್ಸ್ತೆ. ಗೊತ್ತಾದ್ರ್ ಕೈ ಎತ್ತ್" ಎಂದು ಬಿದ್ದಿದ್ದ ಹಲ್ಲಿಗೆ ಮುಟ್ಟಿಸಿದರು.

ಕೈ ಮೇಲೆದ್ದಿತು.

ನನಗೆ ಕುಣಿಯುವಷ್ಟು ಸಂತೋಷ. ನನ್ನವರು ಸಹ ಮೀಸೆ ಸವರಿಕೊಂಡರು. ಡಾಕ್ಟರಮ್ಮ ಮಾತ್ರ, "ಇಷ್ಟು ಬೇಗ ಬರುವುದು ಅಪರೂಪ, ಸಂತೋಷ" ಎಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು. ಬೇರು ಬೆಳೆದದ್ದು ಕಾಣಲಿಲ್ಲ, ಹಾಳಾದದ್ದೂ ಕಾಣಲಿಲ್ಲ. ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳೂ ಕೈ ಎದ್ದಿತು. ದಾರಿಯಲ್ಲಿ ನಾನು, "ಈಗ ಅವ್ನ್ ಕರೀಲಕ್ಕಾ?" ಎಂದು ಕೇಳಿದೆ. "ಕಾಂಬ. ಡಾಕ್ಟ್ರ್ ಸಮಾ ಹೇಳ್ಲಿ" ಎಂದರು. ನಮ್ಮವರ ಬಾಯಲ್ಲಿ "ಕಾಂಬ" ಎಂದು ಬಂದರೆ ಅರ್ಧ ಒಪ್ಪಿದ ಹಾಗೆ. ಹಿಂದಿನ ಸೀಟಿನಲ್ಲಿ ಕೂತ ಮಗಳು ಆ ಮಾತು ಕೇಳಿಸಿಕೊಂಡದ್ದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಶಾಲೆಗೆ ಹೊರಡಿಸುವಾಗ ಅವಳಿಗೆ ಜಡೆ ಹಾಕುತ್ತಿದ್ದೆ. ಕೆಲವು ದಿನಗಳಿಂದ ಅವಳು ನಗುವಾಗ ಮೇಲಿನ ತುಟಿಯನ್ನು ಕಚ್ಚಿ ಹಿಡಿಯುವುದನ್ನು ಗಮನಿಸಿದ್ದೆ. ಜಡೆಯ ರಬ್ಬರು ಎಳೆದಾಗ "ಆ" ಎಂದು ಬಾಯಿ ತೆರೆದಳು. ಕನ್ನಡಿಯಲ್ಲಿ ಕಂಡಿತು. ಆ ಹಲ್ಲಿನ ಮೇಲೆ, ವಸಡಿನಲ್ಲಿ, ಹಳದಿ ತಲೆಯ ಒಂದು ಗುಳ್ಳೆ.

"ಬಾಯ್ ತೆಗಿ" ಎಂದೆ. ತೆಗೆಯಲಿಲ್ಲ. ಗಲ್ಲ ಹಿಡಿದು ತೆಗೆಸಿದೆ. ಗುಳ್ಳೆ ಒತ್ತಿದರೆ ಕೀವು.

"ಯಾವಾಗಿಂದ ಇತ್ತ್ ಇದ್?"

ಕಣ್ಣು ತುಂಬಿಕೊಂಡು ಹೇಳಿದಳು, "ಅಮ್ಮಾ, ಅಪ್ಪಯ್ಯಂಗ್ ಹೇಳ್ಬೇಡ."

ನನಗೆ ಅವಳ ಮಾತಿನ ಅರ್ಥವಾಗಲಿಲ್ಲ. ಚುಚ್ಚುಮದ್ದಿನ ಹೆದರಿಕೆ ಎಂದುಕೊಂಡೆ. ಅಂಗಡಿಗೆ ಫೋನ್ ಮಾಡಿದೆ, ಅವರು ಬಾಗಿಲೆಳೆದು ಬಂದರು, ಮೂವರೂ ಕುಂದಾಪುರಕ್ಕೆ ಓಡಿದೆವು.

ಡಾಕ್ಟರಮ್ಮ ಗುಳ್ಳೆ ನೋಡಿದರು. ಎಕ್ಸ್‌ರೇ ತೆಗೆದರು. ಬೇರಿನ ತುದಿಯ ಸುತ್ತ ಈಗ ಕಪ್ಪು ಮಸಿ ಹಿಡಿದ ಹಾಗೆ ಕಂಡಿತು. ಅವರು ಹತ್ತಿಗೆ ಸ್ಪ್ರೇ ಹೊಡೆದು ಆ ಹಲ್ಲಿಗೆ ಮುಟ್ಟಿಸಿದರು. ಕೈ ಎದ್ದಿತು. ಆಮೇಲೆ ಮೇಜಿನ ಕಡೆ ತಿರುಗಿ, ಬರಿಯ ಒಣಹತ್ತಿ ತೆಗೆದುಕೊಂಡು, ಸ್ಪ್ರೇಯನ್ನು ಗಾಳಿಗೆ ಹೊಡೆದು, ಹತ್ತಿಯನ್ನು ಹಲ್ಲಿಗೆ ಮುಟ್ಟಿಸಿದರು. ಮಗಳ ಕೈ ಮತ್ತೆ ಎದ್ದಿತು. ಮೂರನೆಯ ಸಲ ಡಾಕ್ಟರಮ್ಮ ಹಲ್ಲಿಗೆ ಏನನ್ನೂ ಮುಟ್ಟಿಸಲೇ ಇಲ್ಲ, ಸ್ಪ್ರೇಯ ಸದ್ದು ಮಾಡಿದರು ಅಷ್ಟೇ. ಪುಟ್ಟ ಕೈ ಆಗಲೂ ಮೇಲಕ್ಕೆ ಹೋಯಿತು.

ಡಾಕ್ಟರಮ್ಮ ಸ್ಪ್ರೇಯನ್ನು ಮೇಜಿನ ಮೇಲಿಟ್ಟರು.

"ಮಗಾ," ಎಂದರು ಡಾಕ್ಟರಮ್ಮ, "ತಣ್ಣಗ್ ಗೊತ್ತಾತ್ತಾ ನಿಂಗ್? ಸಮಾ ಹೇಳ್. ಬೈತಿಲ್ಲೆ."

ಅವಳು ಡಾಕ್ಟರಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಪ್ಪನನ್ನು ನೋಡುತ್ತ ಬಿಕ್ಕಿದಳು.

"ಹಲ್ಲ್ ಸತ್ರೆ ಮಾವ ಬಪ್ದ್ ಬ್ಯಾಡ ಅಂದಿರಲೆ ಅಪ್ಪಯ್ಯ. ಅದ್ಕೇ ಎತ್ತಿದೆ."

ಅಯ್ಯೋ ದೇವರೇ! ಕೀವು ತುಂಬಿದ ಬಾಯಿ ಮುಚ್ಚಿಕೊಂಡು, ನೋವು ನುಂಗಿಕೊಂಡು, ಶಾಲೆಗೆ ಹೋಗಿ ಬಂದು, ನಮ್ಮೆದುರು ನಗದೆ ಕೂತಿತ್ತಲ್ಲ ಇಷ್ಟುದ್ದದ ಜೀವ! ಗಂಡನ ಕಡೆ ತಿರುಗಿದೆ, ನಾಲಿಗೆಯ ತುದಿಗೆ ಏನೇನೋ ಬಂದಿತ್ತು. ಆದರೆ ಅವರ ಮುಖದ ಬಣ್ಣವೇ ಇಳಿದುಹೋಗಿತ್ತು. ಗೋಡೆಗೆ ಕೈಯಿಟ್ಟು ನಿಂತಿದ್ದರು. ಆಮೇಲೆ ಹೊರಗೆ ಹೋದರು.

ಡಾಕ್ಟರಮ್ಮ ಆ ದಿನವೇ ಹಲ್ಲಿಗೆ ಹಿಂದಿನಿಂದ ತೂತು ಮಾಡಿ ಕೊಳೆತದ್ದನ್ನೆಲ್ಲ ತೊಳೆದು ತೆಗೆದರು. ಒಳಗೆ ಮದ್ದು ತುಂಬಿ ಮುಚ್ಚಿದರು. ಸೋಂಕು ಪೂರ್ತಿ ಹೋದ ಮೇಲೆ ಇನ್ನೊಂದು ಪ್ರಯತ್ನ ಉಂಟು, ಆದರೆ ಮೊದಲೇ ಬಂದಿದ್ದರೆ ಸುಲಭವಿತ್ತು ಎಂದರು. ನನ್ನವರು ಅಷ್ಟರಲ್ಲಿ ಒಳಗೆ ಬಂದಿದ್ದರು. ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಕೇಳಿದರು. ಹಲ್ಲಿನ ತಿರುಳಿನ ಸ್ಟೆಮ್ ಸೆಲ್ ತೆಗೆದು ಶೀತದಲ್ಲಿ ಕಾಪಿಡುತ್ತಾರಂತೆ, ಅದರಿಂದ ಹಲ್ಲಿನ ಗಟ್ಟಿ ಭಾಗವನ್ನೇ ಬೆಳೆಸುತ್ತಾರಂತೆ, ಅಂಥದ್ದು ತರಿಸಲು ಆಗುತ್ತದಾ ಎಂದು.

"ದೊಡ್ಡ ಲ್ಯಾಬುಗಳಲ್ಲಿ ಅದೆಲ್ಲ ನಡೀತಾ ಉಂಟು," ಎಂದರು ಡಾಕ್ಟರಮ್ಮ. "ನಾನು ಇಲ್ಲಿ ಮಾಡುವುದು ಅದರ ಬಡ ತಂಗಿ. ಅವಳ ತಿರುಳು ಹೋಯಿತು. ಆದರೆ ಬೇರಿನ ತುದಿಯಾಚೆ, ಮೂಳೆಯ ಹತ್ತಿರ, ಅಂಥದೇ ಕೋಶಗಳು ಇನ್ನೂ ಇರಬಹುದು. ಕಾಂಡಕೋಶ ಅಂತಾರೆ. ಇನ್ನೂ ಏನಾಗಬೇಕು ಅಂತ ನಿಶ್ಚಯವಾಗದ ಕೋಶಗಳು. ಅಲ್ಲಿ ಚುಚ್ಚಿ ರಕ್ತ ಬರಿಸಿದರೆ, ರಕ್ತದ ಜತೆ ಅವು ಹಲ್ಲಿನೊಳಗೆ ಏರುತ್ತವೆ. ಮೇಲೊಂದು ಸಿಮೆಂಟು ಹಾಕಿ ಮುಚ್ಚುತ್ತೇನೆ. ಅವು ಅಲ್ಲಿ ನೆಲೆ ನಿಂತರೆ ನಿಧಾನಕ್ಕೆ ಗಟ್ಟಿ ಪದರ ಕಟ್ಟಿ ಗೋಡೆಯನ್ನು ದಪ್ಪ ಮಾಡುತ್ತವೆ. ರಕ್ತ ಬಾರದಿದ್ದರೆ ಮಾತ್ರ ಏನೂ ಮಾಡಲಾಗುವುದಿಲ್ಲ."

ಮತ್ತೊಂದು ಮಾತು ಹೇಳಿದರು. ಸಾಮಾನ್ಯವಾಗಿ ಜೋಮು ಹಿಡಿಸಲು ಕೊಡುವ ಮದ್ದು ರಕ್ತವನ್ನು ತಡೆಯುತ್ತದೆ, ಹಾಗಾಗಿ ಬೇರೆ ಮದ್ದು ಕೊಡುತ್ತೇನೆ, ಅದರ ಬಲ ಬೇಗ ಇಳಿಯುತ್ತದೆ, ಒಂದು ಚುಚ್ಚಿನ ನೋವು ಅವಳಿಗೆ ತಿಳಿಯಬಹುದು, ಆಗ ಅಲುಗಾಡಬಾರದು ಎಂದು.

ಮದ್ದು ತುಂಬಿ ಕೆಲವು ವಾರ ಕಳೆಯಿತು. ಗುಳ್ಳೆ ಒಣಗಿತು. ಮನೆಯಲ್ಲಿ ಯಾರೂ ಆ ದಿನದ ಮಾತು ಎತ್ತಲಿಲ್ಲ. ನಾನು ಕೂಡ, ನಂಬಿ ಬಿಡಿ, ಬಾಯಿಗೆ ಬೀಗ ಹಾಕಿಕೊಂಡೆ. ಅವರು ಮಗಳಿಗೆ ಊಟ ಬಡಿಸುವರು, ಜಡೆಯ ರಿಬ್ಬನ್ ಹುಡುಕಿ ಕೊಡುವರು, ಆದರೆ ಮಾವನ ಸುದ್ದಿ ಇಲ್ಲ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಅವರಿಗೆ ಯಾರೂ ಕಲಿಸಿದ್ದಲ್ಲ.

ಆ ದಿನ ಬಂತು. ಮಗಳು ಕುರ್ಚಿ ಹತ್ತಿದಳು. ಡಾಕ್ಟರಮ್ಮ ಮದ್ದು ಚುಚ್ಚಿ, ಹಲ್ಲು ತೆರೆದು, ತೊಳೆದು ಸೂಜಿ ಹಿಡಿದರು. ಮಗಳು ನಡುಗತೊಡಗಿದಳು. ಹಲ್ಲು ಕಟಕಟ, ಮೈಯೆಲ್ಲ ಕಟಕಟ. ನಾನು ಕೈ ಹಿಡಿದೆ, ನಿಲ್ಲಲಿಲ್ಲ. ನನ್ನವರು ತಲೆ ಸವರಿದರು, ಇನ್ನೂ ಹೆಚ್ಚಾಯಿತು. "ಹೀಗೆ ಅಲುಗಿದರೆ ನಾನು ಸೂಜಿ ಹಾಕುವ ಹಾಗಿಲ್ಲ. ಮದ್ದಿನ ಬಲ ಇಳಿಯುತ್ತಾ ಉಂಟು" ಎಂದರು ಡಾಕ್ಟರಮ್ಮ.

ಮಗಳು ಬಾಯಿಯ ತುಂಬ ಹತ್ತಿ ಇಟ್ಟುಕೊಂಡೇ ಏನೋ ಹೇಳಿದಳು. ಎರಡನೆಯ ಸಲಕ್ಕೆ ತಿಳಿಯಿತು.

"ಮಾವ."

ನಾನು ಗಂಡನ ಮುಖ ನೋಡಲಿಲ್ಲ. ನೋಡಿದರೆ ಏನಾದರೂ ಅಂದುಬಿಡುತ್ತಿದ್ದೆ. ಮಗಳ ಕಾಲು ಹಿಡಿದುಕೊಂಡು ನಿಂತೆ. ನನ್ನ ಹಿಂದೆ ಚಪ್ಪಲಿಯ ಸದ್ದಾಯಿತು, ಬಾಗಿಲು ತೆರೆಯಿತು. ಹೊರಗಿನಿಂದ ಅವರ ದನಿ ಕೇಳಿತು. ಫೋನಿನಲ್ಲಿ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಎಲ್ಲಿದ್ದೆ? ಕೋಡೀಲಾ? ಇದ್ದಾಂಗೇ ಬಾ. ಹೆಣ್ಣ್ ಕರೀತಿತ್ತ್."

ಕೋಡಿಯಿಂದ ಕುಂದಾಪುರ ಪೇಟೆ ಎಷ್ಟು ದೂರ? ಏನೇನೂ ಅಲ್ಲ. ಆದರೂ ಆ ಹೊತ್ತು ಮುಗಿಯಲೇ ಇಲ್ಲ. ಡಾಕ್ಟರಮ್ಮ ಗಡಿಯಾರ ನೋಡಿದರು, ಮತ್ತೆ ನೋಡಿದರು. ತಮ್ಮ ಲುಂಗಿಯಲ್ಲೇ ಬಂದ, ಮೊಣಕೈವರೆಗೆ ಮೀನಿನ ಪೊರೆ. ಡಾಕ್ಟರಮ್ಮ ಅವನನ್ನು ನೇರ ನಲ್ಲಿಯ ಬಳಿಗೆ ಕಳಿಸಿ ಸೋಪು ಹಾಕಿ ತಿಕ್ಕಿಸಿದರು. ಅವನು ಬಂದು ಕುರ್ಚಿಯ ಪಕ್ಕ ಕೂತು, ಅವಳ ಎರಡೂ ಕೈ ತನ್ನ ಕೈಯೊಳಗೆ ಇಟ್ಟುಕೊಂಡ.

"ಹೆಣೇ, ನನ್ ಕೈ ಚೂಂಟ್. ಎಷ್ಟ್ ಬೇಕಾರೂ ಚೂಂಟ್. ತಲಿ ಮಾತ್ರ ಅಲ್ಗ್ಸ್‌ಬೇಡ."

ನಡುಕ ಪೂರ್ತಿ ನಿಲ್ಲಲಿಲ್ಲ, ಆದರೆ ತಲೆ ನಿಂತಿತು. ಡಾಕ್ಟರಮ್ಮ ಸೂಜಿ ಇಳಿಸಿದರು. ಮಗಳು ಮೂಗಿನಲ್ಲಿ ನರಳಿದಳು. ಡಾಕ್ಟರಮ್ಮ ಸೂಜಿ ತೆಗೆದು ಬಗ್ಗಿ ನೋಡಿದರು. "ಇಲ್ಲ" ಎಂದರು. ಮತ್ತೆ ಇಳಿಸಿದರು. ತಮ್ಮನ ಕೈಮೇಲೆ ಉಗುರು ಕಂತಿದ್ದು ನನಗೆ ಕಾಣುತ್ತಿತ್ತು. "ಇಲ್ಲ" ಎಂದರು ಮತ್ತೊಮ್ಮೆ. ರಕ್ತ ನಿಲ್ಲಲಿ ಎಂದು ಸೆರಗು ಒತ್ತಿ ಹಿಡಿದವಳು ನಾನೇ, ಈಗ ರಕ್ತ ಬರಲಿ ದೇವರೇ ಎಂದು ಬೇಡುತ್ತಿದ್ದವಳೂ ನಾನೇ. ಮತ್ತೆ ಇಳಿಸಿದರು, ಸ್ವಲ್ಪ ಆಳಕ್ಕೆ. ಮಗಳ ಬೆನ್ನು ಕುರ್ಚಿಯಿಂದ ಮೇಲೆದ್ದಿತು. ತಲೆ ಅಲುಗಲಿಲ್ಲ.

"ಬಂತು," ಎಂದರು ಡಾಕ್ಟರಮ್ಮ. "ಏರ್ತಾ ಉಂಟು."

ರಕ್ತ ಹಲ್ಲಿನೊಳಗೆ ಹೆಪ್ಪುಗಟ್ಟುವವರೆಗೆ ಕಾದು ಅದರ ಮೇಲೆ ಬಿಳಿ ಸಿಮೆಂಟು ಇಟ್ಟು ಮುಚ್ಚಿದರು. ತಮ್ಮ ಎದ್ದು, ಭಾವನಿಗೆ ದಾರಿ ಬಿಟ್ಟು, ಹೊರಗೆ ಹೋಗಿ ಗಾಡಿ ಹತ್ತಿದ. ಅವನನ್ನು ಕರೆದದ್ದು ಕ್ಲಿನಿಕ್ಕಿಗೆ, ಮನೆಗಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನವರು ಕಿಟಕಿಯಲ್ಲಿ ನಿಂತು ಗಾಡಿ ಹೋಗುವುದನ್ನು ನೋಡಿದರು.

ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಕಾದೆವು. ಮಳೆಗಾಲ ಬಂದು ದೋಣಿಗಳು ದಡ ಸೇರಿದವು, ಮತ್ತೆ ಕಡಲಿಗಿಳಿದವು. ತಪಾಸಣೆಗೆ ಕರೆದ ದಿನ ಮಗಳು ಮೊದಲೇ ಹೇಳಿದ್ದಳು, ಮಾವ ಬಂದರೆ ಮಾತ್ರ ಕುರ್ಚಿ ಹತ್ತುವುದು ಎಂದು. ಅವನೂ ಬಂದ. ಬೆಂಚಿನ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ನನ್ನವರು, ನಡುವೆ ಎರಡು ಜನ ಕೂರುವಷ್ಟು ಜಾಗ ಖಾಲಿ. ಡಾಕ್ಟರಮ್ಮ ಎಲ್ಲರನ್ನೂ ಒಳಗೆ ಕರೆದರು.

ಎಕ್ಸ್‌ರೇ ನೋಡುವ ಮೊದಲು ಹತ್ತಿ ತೆಗೆದರು. ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದರು. ನಾನು ಮಗಳ ಬಲಗೈಯನ್ನೇ ನೋಡುತ್ತಿದ್ದೆ. ಕೈ ತೊಡೆಯ ಮೇಲೇ ಇತ್ತು. ಬೆರಳು ಒಂದಿಷ್ಟು ಅಲುಗಿ ಸುಮ್ಮನಾಯಿತು.

"ಗೊತ್ತಾತ್ತಾ ಮಗಾ?"

"ಇಲ್ಲೆ," ಎಂದಳು. ಎಂದವಳು ಅಪ್ಪನನ್ನೂ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. "ಎಂತದೂ ಗೊತ್ತಾತಿಲ್ಲೆ."

ತಮ್ಮ ತಲೆ ತಗ್ಗಿಸಿದ. ಆಗ ಡಾಕ್ಟರಮ್ಮ ಎಕ್ಸ್‌ರೇ ಎರಡನ್ನೂ ಪಕ್ಕ ಪಕ್ಕ ಹಿಡಿದರು. ಹಳೆಯದರಲ್ಲಿ ಬೇರಿನ ಗೋಡೆ ಪೆನ್ಸಿಲಿನ ಗೀಟಿನಷ್ಟು ತೆಳ್ಳಗೆ, ತುದಿ ಬಾಯ್ಬಿಟ್ಟುಕೊಂಡಿತ್ತು. ಹೊಸದರಲ್ಲಿ ಗೋಡೆ ದಪ್ಪವಾಗಿತ್ತು, ತುದಿ ಕೂಡಿಕೊಳ್ಳುತ್ತಿತ್ತು, ಮಸಿಯ ಹಾಗಿದ್ದ ಕಪ್ಪು ಹೋಗಿತ್ತು. ಇಂಥ ಹಲ್ಲಿಗೆ ಚಳಿ ತಿಳಿಯದೆ ಇರುವುದು ಉಂಟು, ಮುಂದೆ ಯಾವತ್ತಾದರೂ ತಿಳಿದೀತು, ತಿಳಿಯದೆಯೂ ಇದ್ದೀತು ಎಂದರು. ಒಳಗೆ ಕಟ್ಟಿದ್ದು ಮೊದಲಿನ ತಿರುಳಲ್ಲ, ಮೂಳೆಯಂಥ ಒಂದು ಪದರ. ಆದರೆ ಹಲ್ಲು ನಿಲ್ಲುತ್ತದೆ.

"ಹಾಂಗಾರೆ ಸತ್ತಿದ್ದಾ, ಬದ್ಕಿದ್ದಾ?" ಎಂದು ಮಗಳು ಕಣ್ಣು ಬಿಟ್ಟು ಕೇಳಿದಳು. ಅವಳು ಕೇಳಿದ್ದು ಡಾಕ್ಟರಮ್ಮನಿಗಲ್ಲ.

ನನ್ನವರು ಕುರ್ಚಿಯ ಹತ್ತಿರ ಬಂದರು. ಅವಳ ಗಲ್ಲಕ್ಕೆ ಅಂಟಿದ ಹತ್ತಿಯ ಎಳೆ ತೆಗೆದರು.

"ಗೊತ್ತಾತಿಲ್ದಿದ್ರ್ ಇಲ್ಲೆ ಅಂದೇ ಹೇಳ್ ಮಗಾ. ಅಡ್ಡಿಲ್ಲೆ. ಎಂತ ಅಡ್ಡಿಲ್ಲೆ." ಆಮೇಲೆ, ಬೆನ್ನು ತಿರುಗಿಸಿಕೊಂಡೇ, ನನ್ನ ತಮ್ಮನಿಗೆ, "ನೆಡಿ, ಮನಿಗ್ ಹೋಪ. ಅಲ್ಲೇ ಊಟ" ಎಂದರು.

ತಮ್ಮ ನನ್ನ ಮುಖ ನೋಡಿದ. ಮಗಳು ಕುರ್ಚಿಯಿಂದ ಧುಮುಕಿ, ಅಪ್ಪಯ್ಯನ ಕಾರು ಬೇಡ, ಮಾವನ ಗಾಡಿಯಲ್ಲೇ ಬರುತ್ತೇನೆಂದು ಅವನ ಲುಂಗಿ ಹಿಡಿದು ಎಳೆದುಕೊಂಡು ಹೋದಳು.